ಕೆರೆ ಹಸಿರಾದರೆ ಕುದಿಸಿದ ನೀರೂ ಸಾಲದು

ಮಳೆಗಾಲ ಮುಗಿದು ಬಿಸಿಲು ಬಲಿತ ಮೇಲೆ ನಿಮ್ಮ ಊರಿನ ಕೆರೆಯ ಏರಿಯ ಮೇಲೆ ನಿಂತು ಒಮ್ಮೆ ನೋಡಿ. ಮೊನ್ನೆ ಮೊನ್ನೆಯ ತನಕ ಮಣ್ಣಿನ ಬಣ್ಣಕ್ಕಿದ್ದ ನೀರು ಈಗ ಹಸಿರು ಬಣ್ಣ ಕಲಸಿಟ್ಟಂತೆ ಕಾಣುತ್ತದೆ. ಗಾಳಿ ತಳ್ಳಿದ ಕಡೆಯ ದಡದಲ್ಲಿ ದಪ್ಪನೆಯ ಕೆನೆ ಕಟ್ಟಿದೆ. ಹತ್ತಿರ ಹೋದರೆ ಕೊಳೆತ ವಾಸನೆ. ಎಮ್ಮೆಗಳು ಅದರಲ್ಲೇ ಬಿದ್ದುಕೊಂಡಿವೆ, ಹುಡುಗರು ಈಜುತ್ತಿದ್ದಾರೆ, ಬಟ್ಟೆ ಒಗೆಯುವವರು ಒಗೆಯುತ್ತಿದ್ದಾರೆ. 'ಪಾಚಿ ತಾನೆ, ಪ್ರತಿವರ್ಷ ಇದ್ದದ್ದೇ' ಎಂದು ನಾವು ಸುಮ್ಮನಾಗುತ್ತೇವೆ. ಕುಡಿಯಲು ಆ ನೀರೇ ಗತಿಯಾದ ಮನೆಗಳಲ್ಲಿ ತಾಯಂದಿರು ಅದನ್ನು ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕುದಿಸಿ, ಆರಿಸಿ ಮಕ್ಕಳಿಗೆ ಕೊಡುತ್ತಾರೆ.

ನೀರು ಕುದಿಸುವುದು ಒಳ್ಳೆಯ ಅಭ್ಯಾಸ. ಕಾಲರಾ, ವಿಷಮಶೀತ ಜ್ವರ, ಆಮಶಂಕೆ, ನೀರಿನಿಂದ ಹರಡುವ ಕಾಮಾಲೆ ಇವುಗಳ ರೋಗಾಣುಗಳು ಕುದಿಯುವ ನೀರಿನಲ್ಲಿ ಉಳಿಯುವುದಿಲ್ಲ. ಈ ಅಭ್ಯಾಸವನ್ನು ಯಾರೂ ಬಿಡಬಾರದು. ಆದರೆ ಹಸಿರುಗಟ್ಟಿದ ಕೆರೆಯ ನೀರಿನ ಮಟ್ಟಿಗೆ ಅದು ಸಾಲದು. ಆ ಹಸಿರಿನಲ್ಲಿ ಕೆಲವೊಮ್ಮೆ ಒಂದು ವಿಷವಿರುತ್ತದೆ. ಅದು ಬೆಂಕಿಗೆ ಬಗ್ಗುವುದಿಲ್ಲ. ಆ ವಿಷ ತಯಾರಾಗುವುದಕ್ಕೂ ಕೆರೆಯ ಮೇಲಿನ ಹೊಲಗದ್ದೆಗಳಿಗೆ ನಾವು ಹಾಕುವ ಗೊಬ್ಬರ, ಸಿಂಪಡಿಸುವ ಔಷಧಿಗಳಿಗೂ ಹತ್ತಿರದ ನಂಟಿದೆ. ಆ ನಂಟು ಯಾವುದು, ಮನೆಮಂದಿ ಏನು ಮಾಡಬೇಕು ಎಂಬುದನ್ನು ಈ ವಾರ ನೋಡೋಣ.

'ಕುದಿಸಬೇಡಿ' ಎಂದ ನಗರ

2014ರ ಆಗಸ್ಟ್ 2ರಂದು ಅಮೆರಿಕದ ಒಹಾಯೊ ರಾಜ್ಯದ ಟೊಲೀಡೊ ನಗರದ ಜನರಿಗೆ ಬೆಳಗಾಗುವ ಮೊದಲೇ ಒಂದು ಎಚ್ಚರಿಕೆ ಬಂತು. ನಲ್ಲಿಯ ನೀರನ್ನು ಕುಡಿಯಬೇಡಿ, ಅಡುಗೆಗೆ ಬಳಸಬೇಡಿ, ಕುದಿಸಿಯೂ ಬಳಸಬೇಡಿ ಎಂಬುದು ಅದರ ಸಾರಾಂಶ. ನಗರ ಮತ್ತು ಸುತ್ತಲಿನ ಸುಮಾರು 4 ಲಕ್ಷ ಜನ ಆಗಸ್ಟ್ 4ರ ತನಕ ನಲ್ಲಿಯ ನೀರು ಕುಡಿಯಲಾಗದೆ ಕಷ್ಟಪಟ್ಟರು. ಅಂಗಡಿಗಳಲ್ಲಿ ಬಾಟಲಿ ನೀರು ಕೆಲವೇ ಗಂಟೆಗಳಲ್ಲಿ ಖಾಲಿಯಾಯಿತು.

ಟೊಲೀಡೊಗೆ ನೀರು ಬರುವುದು ಈರಿ ಎಂಬ ಬೃಹತ್ ಸರೋವರದಿಂದ. ಅದರ ಪಶ್ಚಿಮ ಭಾಗದಲ್ಲಿ 'ಮೈಕ್ರೋಸಿಸ್ಟಿಸ್' ಎಂಬ ನೀಲಿ-ಹಸಿರು ಪಾಚಿ ಮಿತಿಮೀರಿ ಬೆಳೆದಿತ್ತು. ಅದು ಉತ್ಪಾದಿಸುವ 'ಮೈಕ್ರೋಸಿಸ್ಟಿನ್' ಎಂಬ ವಿಷ ಶುದ್ಧೀಕರಣ ಘಟಕವನ್ನೂ ದಾಟಿ ನಲ್ಲಿಗೆ ಬಂದಿತ್ತು. ಈ ಪಾಚಿಗೆ ಆಹಾರ ಎಲ್ಲಿಂದ? ಸರೋವರಕ್ಕೆ ಮೌಮೀ ಎಂಬ ನದಿ ಸೇರುತ್ತದೆ. ಆ ನದಿಯ ಇಕ್ಕೆಲಗಳಲ್ಲಿ ಮೆಕ್ಕೆಜೋಳ ಮತ್ತು ಸೋಯಾ ಬೆಳೆಯುವ ವಿಶಾಲವಾದ ಹೊಲಗಳಿವೆ. ಅಲ್ಲಿ ಹಾಕಿದ ಗೊಬ್ಬರದ ರಂಜಕ, ವಸಂತಕಾಲದ ಮಳೆಯಲ್ಲಿ ಕರಗಿ ಸರೋವರ ಸೇರುತ್ತದೆ.

ಈ ಸರೋವರದ ಕಥೆಯಲ್ಲಿ ಇನ್ನೊಂದು ಪಾಠವೂ ಇದೆ. 1960ರ ದಶಕದಲ್ಲೂ ಅದು ಹೀಗೆಯೇ ಹಸಿರುಗಟ್ಟಿತ್ತು. 1972ರಲ್ಲಿ ಅಮೆರಿಕ ಮತ್ತು ಕೆನಡಾ ದೇಶಗಳು ಒಪ್ಪಂದ ಮಾಡಿಕೊಂಡು ಬಟ್ಟೆ ಸೋಪಿನ ಪುಡಿಯಿಂದಲೂ ಚರಂಡಿಯಿಂದಲೂ ಬರುತ್ತಿದ್ದ ರಂಜಕವನ್ನು ಕಡಿಮೆ ಮಾಡಿದ ಮೇಲೆ ನೀರು ತಿಳಿಯಾಯಿತು. ಆದರೆ 1990ರ ದಶಕದ ನಡುವಿನಿಂದ ಹಸಿರು ಮತ್ತೆ ಮರಳಿತು. ಈ ಬಾರಿ ಮುಖ್ಯ ಕಾರಣ ಹೊಲದ ಗೊಬ್ಬರ. ಚರಂಡಿಗೆ ಕೊಳವೆ ಹಾಕಿ ತಡೆಯಬಹುದು. ಸಾವಿರಾರು ಹೊಲಗಳಿಂದ ಹನಿಹನಿಯಾಗಿ ಬರುವುದನ್ನು ತಡೆಯುವುದು ಬಹಳ ಕಷ್ಟ.

ಏನಿದು ನೀಲಿ-ಹಸಿರು ಪಾಚಿ?

ನಾವು ಅಭ್ಯಾಸಬಲದಿಂದ ಪಾಚಿ ಎಂದು ಕರೆದರೂ ಇವು ನಿಜವಾಗಿ ಬ್ಯಾಕ್ಟೀರಿಯಾಗಳು. ವಿಜ್ಞಾನಿಗಳು ಇವನ್ನು ಸಯನೋಬ್ಯಾಕ್ಟೀರಿಯಾ ಎನ್ನುತ್ತಾರೆ. ಗಿಡಗಳಂತೆ ಸೂರ್ಯನ ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವುದು ಇವುಗಳ ಗುಣ. ಭೂಮಿಯ ಅತಿ ಹಳೆಯ ಜೀವಿಗಳ ಸಾಲಿಗೆ ಇವು ಸೇರುತ್ತವೆ. ಇನ್ನೂರು ಕೋಟಿ ವರ್ಷಗಳಿಗೂ ಹಿಂದೆ ಗಾಳಿಯಲ್ಲಿ ಆಮ್ಲಜನಕ ತುಂಬಲು ಕಾರಣವಾದದ್ದೂ ಇವೇ. ಅಂದರೆ ನಾವು ಎಳೆಯುವ ಉಸಿರಿಗೆ ಇವುಗಳ ಋಣವಿದೆ.

ಒಂದೊಂದು ಜೀವಕೋಶವೂ ಕಣ್ಣಿಗೆ ಕಾಣದಷ್ಟು ಚಿಕ್ಕದು. ಕೆಲವು ಗುಂಪಾಗಿ ಲೋಳೆಯಲ್ಲಿ ಅಂಟಿಕೊಂಡಿರುತ್ತವೆ, ಕೆಲವು ಮಣಿಸರದಂತೆ ಎಳೆಯಾಗಿ ಬೆಳೆಯುತ್ತವೆ. ಹಲವು ಜಾತಿಗಳಿಗೆ ಗಾಳಿ ತುಂಬಿದ ಸಣ್ಣ ಚೀಲಗಳಿವೆ. ಅವುಗಳ ನೆರವಿನಿಂದ ಇವು ಬೆಳಕಿರುವ ಮೇಲ್ಪದರಕ್ಕೆ ತೇಲಿ ಬರುತ್ತವೆ. ನೀರು ಬೆಚ್ಚಗಿದ್ದು, ಅಲುಗಾಡದೆ ನಿಂತಿದ್ದು, ಹೊಟ್ಟೆಗೆ ಬೇಕಾದಷ್ಟು ಸಿಕ್ಕರೆ ಕೆಲವೇ ದಿನಗಳಲ್ಲಿ ಕೆರೆಯ ಮೇಲೆ ಹಸಿರು ಚಾಪೆ ಹಾಸಿದಂತಾಗುತ್ತದೆ. ಬೆಚ್ಚನೆಯ, ಆಳವಿಲ್ಲದ, ಕೋಡಿ ಹರಿಯುವುದು ನಿಂತ ಕೆರೆಗಳು ಇವಕ್ಕೆ ಹೇಳಿ ಮಾಡಿಸಿದ ಜಾಗ.

ಗದ್ದೆಯಲ್ಲಿ ಗೆಳೆಯ

ಇಷ್ಟು ಓದಿ ಇವು ಕೆಟ್ಟ ಜೀವಿಗಳೆಂದು ತೀರ್ಮಾನಿಸಬೇಡಿ. ಭತ್ತದ ಗದ್ದೆಯಲ್ಲಿ ಇವೇ ರೈತನ ಗೆಳೆಯರು. ಗೊಬ್ಬರವನ್ನೇ ಕಾಣದ ಗದ್ದೆಗಳು ವರ್ಷ ವರ್ಷವೂ ಒಂದಿಷ್ಟು ಭತ್ತ ಕೊಡುತ್ತ ಬಂದದ್ದು ಹೇಗೆ ಎಂಬ ಪ್ರಶ್ನೆಗೆ 1939ರಲ್ಲಿ ಪಿ.ಕೆ. ಡೇ ಎಂಬ ಭಾರತೀಯ ವಿಜ್ಞಾನಿ ಉತ್ತರ ಕೊಟ್ಟರು. ನಿಂತ ನೀರಿನ ನೀಲಿ-ಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತದೆ ಎಂದು ಅವರು ತೋರಿಸಿದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆರ್.ಎನ್. ಸಿಂಗ್ ಅವರು 1961ರಲ್ಲಿ ಇದೇ ವಿಷಯದ ಮೇಲೆ ಒಂದು ಪ್ರಮುಖ ಗ್ರಂಥ ಹೊರತಂದರು. ಅನಬೀನಾ, ನಾಸ್ಟಾಕ್ ಮುಂತಾದ ಜಾತಿಗಳು ಅನುಕೂಲವಾದ ಗದ್ದೆಯಲ್ಲಿ ಒಂದು ಬೆಳೆಯ ಅವಧಿಗೆ ಹೆಕ್ಟೇರಿಗೆ ಸುಮಾರು 20ರಿಂದ 30 ಕಿಲೋ ಸಾರಜನಕ ಒದಗಿಸುತ್ತವೆ ಎಂಬ ಲೆಕ್ಕವಿದೆ. ಗದ್ದೆಗೆ ಬಿಡುವ ಅಜೋಲ್ಲಾ ಎಂಬ ಪುಟ್ಟ ಜಲಸಸ್ಯದ ಎಲೆಯೊಳಗೆ ಕುಳಿತು ಸಾರಜನಕ ಹಿಡಿಯುವುದೂ ಇದೇ ಬಳಗದ ಜೀವಿ.

ಈ ಕೆಲಸಕ್ಕೆ ಅವುಗಳ ಮಣಿಸರದ ನಡುನಡುವೆ ದಪ್ಪ ಗೋಡೆಯ ವಿಶೇಷ ಕೋಶಗಳಿರುತ್ತವೆ. ಸಾರಜನಕ ಹಿಡಿಯುವುದು ಶ್ರಮದ ಕೆಲಸ. ಆದ್ದರಿಂದ ಯೂರಿಯಾ ಎರಚಿದ ಕೂಡಲೇ, ಸಿದ್ಧ ಸಾರಜನಕ ಸಿಕ್ಕಿತೆಂದು ಪಾಚಿ ಆ ವಿಶೇಷ ಕೋಶಗಳನ್ನು ತಯಾರಿಸುವುದನ್ನೇ ನಿಲ್ಲಿಸಿಬಿಡುತ್ತದೆ. ಮನೆಗೆ ಊಟ ಬರುತ್ತಿದ್ದರೆ ಒಲೆ ಹಚ್ಚುವವರಾರು? ಹೀಗೆ ಗದ್ದೆಯಲ್ಲಿ ಪುಕ್ಕಟೆ ಸಿಗುತ್ತಿದ್ದ ಗೊಬ್ಬರ ನಿಲ್ಲುತ್ತದೆ. ಹೆಚ್ಚಾದ ಯೂರಿಯಾ ನೀರಿನ ಜೊತೆ ಹೊರಟು ಕೆಳಗಿನ ಕೆರೆ ಸೇರುತ್ತದೆ. ಅಲ್ಲಿ ಅದಕ್ಕಾಗಿ ಬೇರೊಂದು ಜಾತಿ ಕಾದಿರುತ್ತದೆ.

ಗೊಬ್ಬರ ಮಾಡುವ ಕೆಲಸ

ಕೆರೆಯ ಪಾಚಿಗೆ ಬೆಳಕು ಉಂಟು, ನೀರು ಉಂಟು, ಗಾಳಿಯಿಂದ ಇಂಗಾಲವೂ ಸಿಗುತ್ತದೆ. ಸಾಮಾನ್ಯವಾಗಿ ಕೊರತೆಯಾಗುವುದು ರಂಜಕ. ಇದನ್ನು ಕಣ್ಣಾರೆ ತೋರಿಸಿದ ಪ್ರಯೋಗ 1973ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ನಡೆಯಿತು. ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ನಡುವೆ ಕಿರಿದಾಗಿದ್ದ ಒಂದು ಚಿಕ್ಕ ಸರೋವರವನ್ನು ಪ್ಲಾಸ್ಟಿಕ್ ಪರದೆಯಿಂದ ಎರಡು ಭಾಗ ಮಾಡಿದರು. ಎರಡೂ ಕಡೆ ಸಾರಜನಕ ಮತ್ತು ಇಂಗಾಲವನ್ನು ಹಾಕಿದರು. ಒಂದು ಕಡೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಅರ್ಧ ಭಾಗ ನೀಲಿ-ಹಸಿರು ಪಾಚಿಯಿಂದ ತುಂಬಿಹೋಯಿತು. ಪರದೆಯಾಚೆಯ ಅರ್ಧ ತಿಳಿಯಾಗಿಯೇ ಉಳಿಯಿತು. ಮೇಲಿನಿಂದ ತೆಗೆದ ಅದರ ಛಾಯಾಚಿತ್ರ ಇಂದಿಗೂ ಪಠ್ಯಪುಸ್ತಕಗಳಲ್ಲಿ ಕಾಣಸಿಗುತ್ತದೆ.

ಈಗ ನಮ್ಮ ಮನೆಯ ಲೆಕ್ಕ ಮಾಡೋಣ. 50 ಕಿಲೋ ಡಿಎಪಿ ಚೀಲದಲ್ಲಿ ಶುದ್ಧ ರಂಜಕ ಸುಮಾರು 10 ಕಿಲೋ ಇರುತ್ತದೆ. ಒಂದು ಕಿಲೋ ರಂಜಕ ಸುಮಾರು 500 ಕಿಲೋ ತನಕ ಹಸಿ ಪಾಚಿಯನ್ನು ಬೆಳೆಸಬಲ್ಲದು. ಚೀಲದಲ್ಲಿರುವುದೆಲ್ಲ ಕೆರೆಗೆ ಬರುವುದಿಲ್ಲ ನಿಜ; ಬಹುಪಾಲು ಬೆಳೆಗೆ ಹೋಗುತ್ತದೆ, ಇಲ್ಲವೇ ಮಣ್ಣಿಗೆ ಅಂಟಿಕೊಳ್ಳುತ್ತದೆ. ಆದರೆ ಹತ್ತರಲ್ಲಿ ಒಂದು ಪಾಲು ತೊಳೆದುಹೋದರೂ ಅರ್ಧ ಟನ್ ಪಾಚಿಗೆ ಸಾಕಾಯಿತು! ಒಂದು ಕೆರೆಯ ಮೇಲ್ಭಾಗದಲ್ಲಿ ಎಷ್ಟು ಹೊಲಗಳು, ಎಷ್ಟು ಚೀಲಗಳು ಎಂದು ನೀವೇ ಎಣಿಸಿಕೊಳ್ಳಿ. ಮಣ್ಣಿಗೆ ಅಂಟಿದ ರಂಜಕವೂ ಮಳೆ ಜೋರಾದಾಗ ಮಣ್ಣಿನ ಸಮೇತ ಕೊಚ್ಚಿಬಂದು ಹೂಳಾಗಿ ಕೂರುತ್ತದೆ. ತಳದಲ್ಲಿ ಆಮ್ಲಜನಕ ಇಲ್ಲದಂತಾದಾಗ ಹೂಳು ಆ ರಂಜಕವನ್ನು ಮತ್ತೆ ನೀರಿಗೆ ಬಿಡುತ್ತದೆ. ಆದ್ದರಿಂದಲೇ ಒಂದು ವರ್ಷ ಗೊಬ್ಬರ ಕಡಿಮೆ ಮಾಡಿದ ಮಾತ್ರಕ್ಕೆ ಕೆರೆ ತಿಳಿಯಾಗುವುದಿಲ್ಲ.

ಯೂರಿಯಾದ ಪಾತ್ರ ಬೇರೆ. ಮೈಕ್ರೋಸಿಸ್ಟಿಸ್ ಜಾತಿಗೆ ಗಾಳಿಯ ಸಾರಜನಕವನ್ನು ಹಿಡಿಯಲು ಬರುವುದಿಲ್ಲ. ನೀರಿನಲ್ಲಿ ಕರಗಿದ್ದನ್ನೇ ಅದು ನಂಬಬೇಕು. ಅದರ ವಿಷದ ಅಣುವಿನಲ್ಲಿ ಸಾರಜನಕ ಹೇರಳವಾಗಿದೆ. ಆದ್ದರಿಂದ ಸಾರಜನಕ ಧಾರಾಳವಾಗಿ ಸಿಕ್ಕಾಗ ವಿಷದ ಉತ್ಪಾದನೆಯೂ ಹೆಚ್ಚಬಲ್ಲದು. ಸರಳವಾಗಿ ಹೇಳುವುದಾದರೆ ರಂಜಕ ಹಿಂಡನ್ನು ಬೆಳೆಸುತ್ತದೆ, ಸಾರಜನಕ ಅದರ ವಿಷವನ್ನು ಬೆಳೆಸುತ್ತದೆ.

ಎಲ್ಲ ದೋಷವನ್ನೂ ರೈತನ ಮೇಲೆ ಹಾಕುವುದು ನ್ಯಾಯವಲ್ಲ. ಊರಿನ ಬಚ್ಚಲು ನೀರು, ಶೌಚಾಲಯದ ನೀರು, ಸೋಪಿನ ನೀರುಗಳಲ್ಲೂ ರಂಜಕ, ಸಾರಜನಕಗಳಿವೆ. ಪಟ್ಟಣಗಳ ಕೆರೆಗಳು ಹಾಳಾಗಿರುವುದು ಬಹುಮಟ್ಟಿಗೆ ಅದರಿಂದಲೇ.

ಔಷಧಿಗಳ ಮೂರು ದಾರಿ

ಕೀಟನಾಶಕ, ಕಳೆನಾಶಕಗಳು ಜೀವಿಗಳನ್ನು ಕೊಲ್ಲುವ ರಾಸಾಯನಿಕಗಳು. ಹಾಗಾದರೆ ಅವು ಪಾಚಿಯನ್ನೂ ಕೊಲ್ಲಬೇಕಲ್ಲವೇ? ಇಲ್ಲಿ ವಿಷಯ ಸ್ವಲ್ಪ ಜಟಿಲ.

ಮೊದಲನೆಯದು ಕಳೆನಾಶಕ. ಅಟ್ರಜಿನ್, ಡೈಯುರಾನ್‌ನಂಥವು ಕಳೆಗಿಡ ಬೆಳಕಿನಿಂದ ಆಹಾರ ತಯಾರಿಸುವ ಯಂತ್ರವನ್ನೇ ಕೆಡಿಸುತ್ತವೆ. ನೀಲಿ-ಹಸಿರು ಪಾಚಿಯಲ್ಲಿರುವುದೂ ಅದೇ ಬಗೆಯ ಯಂತ್ರ. ಆದ್ದರಿಂದ ಅದಕ್ಕೂ ಪೆಟ್ಟು ಬೀಳುತ್ತದೆ. ಆದರೆ ಎಲ್ಲ ಜಾತಿಗಳಿಗೂ ಒಂದೇ ಪೆಟ್ಟಲ್ಲ. ಸೂಕ್ಷ್ಮವಾದವು ಸಾಯುತ್ತವೆ, ಗಟ್ಟಿಯಾದವು ಉಳಿದು ಖಾಲಿಯಾದ ಜಾಗವನ್ನೂ ಆಕ್ರಮಿಸುತ್ತವೆ. ಗ್ಲೈಫೋಸೇಟ್ ಎಂಬ ಕಳೆನಾಶಕದ ಅಣುವಿನಲ್ಲಿಯೇ ರಂಜಕವಿದೆ. ಅದನ್ನು ಬಿಡಿಸಿಕೊಂಡು ಆಹಾರವಾಗಿ ಬಳಸಬಲ್ಲ ಪಾಚಿಗಳೂ ಇವೆ. ಪ್ರಯೋಗಾಲಯದಲ್ಲಿ ಇನ್ನೊಂದು ವಿಚಿತ್ರ ಕಂಡಿದೆ: ಹೆಚ್ಚು ಪ್ರಮಾಣದಲ್ಲಿ ಕೊಲ್ಲುವ ಕೆಲವು ರಾಸಾಯನಿಕಗಳು ಅತಿ ಕಡಿಮೆ ಪ್ರಮಾಣದಲ್ಲಿ ಬೆಳವಣಿಗೆಯನ್ನು ಚುರುಕುಗೊಳಿಸುತ್ತವೆ. ಗದ್ದೆಯಲ್ಲಿ ಸಿಂಪಡಿಸಿದ್ದು ಕೆರೆ ತಲುಪುವ ವೇಳೆಗೆ ಬಹಳ ತೆಳುವಾಗಿರುತ್ತದೆ ಎಂಬುದನ್ನು ನೆನಪಿಡಿ.

ಎರಡನೆಯದು ಕೀಟನಾಶಕ. ಇವು ಪಾಚಿಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಆದರೆ ಪಾಚಿಯನ್ನು ಮೇಯುವ ನೀರುಚಿಗಟ ಮುಂತಾದ ಅತಿಸಣ್ಣ ಜೀವಿಗಳನ್ನು ಕೊಲ್ಲುತ್ತವೆ. ಫಿಲಿಪೀನ್ಸ್ ದೇಶದಲ್ಲಿರುವ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲಿ ಇದನ್ನು ಗದ್ದೆಯಲ್ಲೇ ಗಮನಿಸಿದರು. ಮೇಯುವ ಜೀವಿಗಳನ್ನು ಹತೋಟಿಗೆ ತಂದ ಕಡೆ ನೀಲಿ-ಹಸಿರು ಪಾಚಿ ಸೊಂಪಾಗಿ ಬೆಳೆಯಿತು. ಗದ್ದೆಯಲ್ಲಾದರೆ ಅದು ಲಾಭ. ಕೆರೆಯಲ್ಲಿ ಅದೇ ನಡೆದರೆ, ದನಗಳನ್ನು ಹೊರಗಟ್ಟಿ ಬೇಲಿ ಹಾಕಿದ ಹುಲ್ಲುಗಾವಲಿನಂತೆ ಪಾಚಿ ಬೆಳೆಯುತ್ತ ಹೋಗುತ್ತದೆ.

ಮೂರನೆಯದು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಬೋರ್ಡೋ ದ್ರಾವಣ ಮಾಡುವುದು ಮಲೆನಾಡಿನ ಮನೆಮನೆಗೂ ಗೊತ್ತು. ಇದು ಪಾಚಿಯನ್ನು ನಿಜಕ್ಕೂ ಕೊಲ್ಲುತ್ತದೆ. ಆದ್ದರಿಂದಲೇ ಹಸಿರಾದ ಕೆರೆಗೆ, ತೊಟ್ಟಿಗೆ ಮೈಲುತುತ್ತ ಸುರಿದರಾಯಿತು ಎಂಬ ಯೋಚನೆ ಸುಲಭವಾಗಿ ಬರುತ್ತದೆ. ಈ ಯೋಚನೆ ಎಷ್ಟು ಅಪಾಯಕಾರಿ ಎಂಬುದಕ್ಕೆ ಒಂದು ನಿದರ್ಶನವಿದೆ.

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ತೀರದಾಚೆ ಪಾಮ್ ಐಲೆಂಡ್ ಎಂಬ ದ್ವೀಪವಿದೆ. 1979ರಲ್ಲಿ ಅಲ್ಲಿನ ಕುಡಿಯುವ ನೀರಿನ ಅಣೆಕಟ್ಟೆಯಲ್ಲಿ ಪಾಚಿ ಬೆಳೆದು ನೀರಿಗೆ ಕೆಟ್ಟ ರುಚಿ, ವಾಸನೆ ಬಂತು. ಅದನ್ನು ಕೊಲ್ಲಲು ಮೈಲುತುತ್ತ ಹಾಕಿದರು. ಕೆಲವೇ ದಿನಗಳಲ್ಲಿ ಮಕ್ಕಳು ವಾಂತಿ, ಹೊಟ್ಟೆನೋವು, ತಲೆನೋವು ಎಂದು ಹಾಸಿಗೆ ಹಿಡಿದರು. ಪಿತ್ತಜನಕಾಂಗ ಊದಿಕೊಂಡಿತ್ತು, ಆಮೇಲೆ ರಕ್ತಭೇದಿ, ಮೂತ್ರಪಿಂಡದ ತೊಂದರೆ. ಒಟ್ಟು 148 ಮಂದಿಗೆ ಚಿಕಿತ್ಸೆ ಬೇಕಾಯಿತು. ಅವರಲ್ಲಿ 138 ಮಕ್ಕಳು. ಅದೃಷ್ಟವಶಾತ್ ಯಾರೂ ಸಾಯಲಿಲ್ಲ. ಮೊದಮೊದಲು ಇದನ್ನು 'ನಿಗೂಢ ಕಾಯಿಲೆ' ಎಂದೇ ಕರೆದರು. ಅನಂತರದ ಸಂಶೋಧನೆ ಒಂದು ಜಾತಿಯ ನೀಲಿ-ಹಸಿರು ಪಾಚಿಯ ಕಡೆ ಬೊಟ್ಟು ಮಾಡಿತು. ಪಾಚಿ ಬದುಕಿರುವಾಗ ವಿಷದ ಬಹುಭಾಗ ಅದರ ಕೋಶದೊಳಗೇ ಇರಬಹುದು. ಒಮ್ಮೆಗೇ ಕೊಂದರೆ ಕೋಶ ಒಡೆದು ಇದ್ದ ವಿಷವೆಲ್ಲ ನೀರಿಗೆ ಬೆರೆಯುತ್ತದೆ. ಹಸಿರು ಮಾಯವಾಗುತ್ತದೆ, ನೀರು ತಿಳಿಯಾಗುತ್ತದೆ, ಅಪಾಯ ಹೆಚ್ಚುತ್ತದೆ.

ಶರೀರದ ಮೇಲೆ ಪರಿಣಾಮ

ಎಲ್ಲ ನೀಲಿ-ಹಸಿರು ಪಾಚಿಯೂ ವಿಷವಲ್ಲ. ವಿಷಕಾರಿ ಜಾತಿಯೂ ಎಲ್ಲ ಕಾಲದಲ್ಲೂ ವಿಷ ಉತ್ಪಾದಿಸುವುದಿಲ್ಲ. ಆದರೆ ನೋಡಿದ ಮಾತ್ರಕ್ಕೆ ಇದು ವಿಷ, ಇದು ವಿಷವಲ್ಲ ಎಂದು ಹೇಳಲು ಯಾರಿಂದಲೂ ಆಗದು.

ವಿಷಗಳಲ್ಲಿ ಮುಖ್ಯವಾದದ್ದು ಮೈಕ್ರೋಸಿಸ್ಟಿನ್. ಏಳು ಅಮೈನೋ ಆಮ್ಲಗಳು ಬಳೆಯಂತೆ ಸುತ್ತಿಕೊಂಡ ಗಟ್ಟಿಮುಟ್ಟಾದ ಅಣು ಇದು. ಕುದಿಯುವ ನೀರಿಗೂ ಇದು ಜಗ್ಗುವುದಿಲ್ಲ. ನೀರು ಕುದಿಕುದಿದು ಆವಿಯಾದಷ್ಟೂ ಉಳಿದ ನೀರಿನಲ್ಲಿ ವಿಷದ ಸಾಂದ್ರತೆ ಹೆಚ್ಚುತ್ತದೆ. ಹೊಟ್ಟೆಗೆ ಹೋದ ಈ ವಿಷ ಪಿತ್ತರಸ ಸಾಗುವ ಬಾಗಿಲಿನಿಂದಲೇ ಪಿತ್ತಜನಕಾಂಗದ ಕೋಶಗಳನ್ನು ಹೊಕ್ಕು ಅಲ್ಲಿನ ಮುಖ್ಯ ಕಿಣ್ವಗಳನ್ನು ಕಟ್ಟಿಹಾಕುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ಕುಡಿಯುವ ನೀರಿನಲ್ಲಿ ದೀರ್ಘಕಾಲದ ಬಳಕೆಗೆ ಇದು ಲೀಟರಿಗೆ 1 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಗ್ರಾಂ ವಿಷ ಹತ್ತು ಲಕ್ಷ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸುತ್ತದೆ. ಬಹುಕಾಲ ಸ್ವಲ್ಪ ಸ್ವಲ್ಪವೇ ಹೊಟ್ಟೆ ಸೇರಿದರೆ ಏನು? ಕ್ಯಾನ್ಸರ್ ಸಂಶೋಧನೆಯ ಅಂತಾರಾಷ್ಟ್ರೀಯ ಸಂಸ್ಥೆ 2010ರ ತನ್ನ ವರದಿಯಲ್ಲಿ ಇದರ ಮುಖ್ಯ ಬಗೆಯನ್ನು ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ ವಸ್ತುಗಳ ಪಟ್ಟಿಗೆ ಸೇರಿಸಿದೆ.

ರಕ್ತಕ್ಕೆ ನೇರವಾಗಿ ಸೇರಿದರಂತೂ ಅನಾಹುತ. 1996ರಲ್ಲಿ ಬ್ರೆಜಿಲ್ ದೇಶದ ಕರುಆರು ಪಟ್ಟಣದ ಒಂದು ಡಯಾಲಿಸಿಸ್ ಕೇಂದ್ರದಲ್ಲಿ ಸರಿಯಾಗಿ ಶುದ್ಧಿಯಾಗದ ನೀರಿನ ಮೂಲಕ ಈ ವಿಷ ರೋಗಿಗಳ ರಕ್ತ ಸೇರಿ 50ಕ್ಕೂ ಹೆಚ್ಚು ಮಂದಿ ಸತ್ತರು. ಇನ್ನು ಕೆಲವು ಜಾತಿಗಳ ವಿಷ ನರಗಳ ಮೇಲೆ ಕೆಲಸ ಮಾಡುತ್ತದೆ. ದನ, ನಾಯಿಗಳು ದಡದ ಕೆನೆಯನ್ನು ಕುಡಿದು ತತ್ತರಿಸಿ ಬಿದ್ದು ಸಾಯುವುದು ಇದರಿಂದ. ಆಸ್ಟ್ರೇಲಿಯದ ಒಂದು ಸರೋವರದಲ್ಲಿ ಪಾಚಿಯ ಕೆನೆ ಕುಡಿದ ಜಾನುವಾರುಗಳು ಸತ್ತ ವರದಿ 1878ರಲ್ಲೇ ಪ್ರಕಟವಾಗಿತ್ತು.

ಮನುಷ್ಯರಲ್ಲಿ ಸಾಮಾನ್ಯವಾಗಿ ಕಾಣುವ ಲಕ್ಷಣಗಳು ಇವು:

* ಹಸಿರು ನೀರಿನಲ್ಲಿ ಈಜಿದ ಬಳಿಕ ಮೈ ತುರಿಕೆ, ಕೆಂಪು ದದ್ದು, ಕಣ್ಣುರಿ.
* ನೀರು ನುಂಗಿದ್ದರೆ ಹೊಟ್ಟೆನೋವು, ವಾಂತಿ, ಭೇದಿ, ಜ್ವರ, ಗಂಟಲು ನೋವು.
* ಅಸ್ತಮಾ ಇರುವವರಿಗೆ ಉಸಿರಾಟದ ತೊಂದರೆ ಹೆಚ್ಚುವುದು.
* ತೀವ್ರವಾದ ಪ್ರಕರಣಗಳಲ್ಲಿ ಕಣ್ಣು, ಮೂತ್ರ ಹಳದಿಯಾಗುವುದು, ವಿಪರೀತ ನಿಶ್ಶಕ್ತಿ.

ಈ ಲಕ್ಷಣಗಳು ಬೇರೆ ಕಾಯಿಲೆಗಳಲ್ಲೂ ಇರುತ್ತವೆ. ಆದ್ದರಿಂದ ವೈದ್ಯರ ಬಳಿ ಹೋದಾಗ 'ಮಗು ನಿನ್ನೆ ಹಸಿರು ಕೆರೆಯಲ್ಲಿ ಈಜಿತ್ತು' ಎಂಬ ಮಾತನ್ನು ನೀವಾಗಿಯೇ ಹೇಳಿ. ಮಕ್ಕಳಿಗೆ ಅಪಾಯ ಹೆಚ್ಚು. ಅವರ ತೂಕ ಕಡಿಮೆ, ಆಡುವಾಗ ನುಂಗುವ ನೀರು ಹೆಚ್ಚು.

ಮನೆಯಲ್ಲೇ ಒಂದು ಪರೀಕ್ಷೆ

ಕೆರೆ ಹಸಿರಾಗಿರುವುದು ನೀಲಿ-ಹಸಿರು ಪಾಚಿಯಿಂದಲೋ ಸಾಧಾರಣ ಪಾಚಿಯಿಂದಲೋ ಎಂದು ಒಂದು ಮಟ್ಟಿಗೆ ತಿಳಿಯಬಹುದು. ಕೈಗೆ ರಬ್ಬರ್ ಗವುಸು ಹಾಕಿಕೊಂಡು ಗಾಜಿನ ಬಾಟಲಿಯೊಂದರಲ್ಲಿ ಮುಕ್ಕಾಲು ಭಾಗ ಕೆರೆಯ ನೀರು ತುಂಬಿ. ಮುಚ್ಚಳವನ್ನು ಬಿಗಿಯಾಗಿ ತಿರುಗಿಸಬೇಡಿ. ಮಕ್ಕಳ ಕೈಗೆ ಸಿಗದ ತಂಪಾದ ಜಾಗದಲ್ಲಿ ರಾತ್ರಿಯಿಡೀ ಅಲುಗಾಡಿಸದೆ ಇಡಿ. ಬೆಳಿಗ್ಗೆ ಹಸಿರೆಲ್ಲ ಮೇಲೆ ತೇಲಿ ಬಾಟಲಿಯ ಕಂಠದ ಸುತ್ತ ಉಂಗುರ ಕಟ್ಟಿದ್ದರೆ ನೀಲಿ-ಹಸಿರು ಪಾಚಿ ಇರುವ ಸಂಭವ ಹೆಚ್ಚು. ತಳಕ್ಕೆ ಇಳಿದಿದ್ದರೆ ಬೇರೆ ಪಾಚಿ ಇರಬಹುದು. ದಡದಲ್ಲಿ ಕೋಲಿನಿಂದ ಎತ್ತಿದಾಗ ಕೂದಲಿನಂತೆ ಉದ್ದುದ್ದ ಎಳೆ ಎಳೆಯಾಗಿ ಬರುವ ಪಾಚಿ ಸಾಮಾನ್ಯವಾಗಿ ಈ ಬಳಗದ್ದಲ್ಲ; ಬಣ್ಣದಂತೆ ಕೋಲಿಗೆ ಬಳಿದುಕೊಂಡರೆ ಅನುಮಾನಿಸಬೇಕು. ವಿಷ ಇದೆಯೇ ಇಲ್ಲವೇ ಎಂಬುದನ್ನು ಮಾತ್ರ ಪ್ರಯೋಗಾಲಯವೇ ಹೇಳಬೇಕು. ಆ ತನಕ ಇದೆ ಎಂದೇ ಭಾವಿಸಿ ನಡೆಯುವುದು ಜಾಣತನ.

ಮನೆಮಂದಿ ಏನು ಮಾಡಬೇಕು?

1. ಹಸಿರುಗಟ್ಟಿದ ಕೆರೆ, ಕಟ್ಟೆ, ಕಲ್ಯಾಣಿಯ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ಬಟ್ಟೆಯಲ್ಲಿ ಸೋಸುವುದು, ಸ್ಫಟಿಕ ಹಾಕಿ ತಿಳಿಮಾಡುವುದು, ಕ್ಯಾಂಡಲ್ ಫಿಲ್ಟರ್ ಇವು ಯಾವುವೂ ಕರಗಿದ ವಿಷವನ್ನು ತೆಗೆಯವು. ಬೇರೆ ಮೂಲದ ನೀರು ಹುಡುಕುವುದೇ ಸರಿಯಾದ ದಾರಿ.
2. ಮಕ್ಕಳನ್ನು ಅಂಥ ನೀರಿನಲ್ಲಿ ಈಜಲು ಬಿಡಬೇಡಿ. ಆಕಸ್ಮಿಕವಾಗಿ ಇಳಿದಿದ್ದರೆ ಶುದ್ಧ ನೀರಿನಲ್ಲಿ ಚೆನ್ನಾಗಿ ಮೈ ತೊಳೆಸಿ, ಬಟ್ಟೆ ಬದಲಾಯಿಸಿ.
3. ದನಕರುಗಳಿಗೆ ಬಾವಿಯಿಂದಲೋ ಕೊಳವೆ ಬಾವಿಯಿಂದಲೋ ತೊಟ್ಟಿಗೆ ನೀರು ಬಿಟ್ಟು ಕುಡಿಸಿ. ಅಪಾಯ ಅತಿ ಹೆಚ್ಚಿರುವುದು ಗಾಳಿ ತಳ್ಳಿದ ದಡದ ಕೆನೆಯಲ್ಲಿ.
4. ಸತ್ತು ತೇಲುತ್ತಿರುವ ಮೀನನ್ನು ತಿನ್ನಬೇಡಿ. ಪಾಚಿ ಹೆಚ್ಚಾದಾಗ ರಾತ್ರಿ ನೀರಿನ ಆಮ್ಲಜನಕ ಖಾಲಿಯಾಗಿ ಬೆಳಗಿನ ಜಾವ ಮೀನು ಸಾಯುವುದುಂಟು. ಅಂಥ ಕೆರೆಯಲ್ಲಿ ಬದುಕಿರುವ ಮೀನನ್ನು ಹಿಡಿದರೂ ಕರುಳು, ಪಿತ್ತಜನಕಾಂಗಗಳನ್ನು ಪೂರ್ತಿ ತೆಗೆದು ಮಾಂಸವನ್ನು ಶುದ್ಧ ನೀರಿನಲ್ಲಿ ತೊಳೆಯಿರಿ. ಪಾಚಿ ಇಳಿಯುವ ತನಕ ಬಿಡುವುದೇ ಉತ್ತಮ.
5. ಸೊಪ್ಪು ತರಕಾರಿಗಳ ಎಲೆಯ ಮೇಲೆ ಹಸಿರು ನೀರನ್ನು ಚಿಮುಕಿಸಬೇಡಿ.
6. ಯಾವ ಕಾರಣಕ್ಕೂ ಮೈಲುತುತ್ತ, ಬ್ಲೀಚಿಂಗ್ ಪುಡಿಗಳನ್ನು ನೀವಾಗಿ ಹಸಿರು ಕೆರೆಗೆ ಸುರಿಯಬೇಡಿ. ಪಂಚಾಯಿತಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಹೊಲದಲ್ಲಿ ಏನು ಮಾಡಬಹುದು?

ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ವರ್ಷಗಟ್ಟಲೆ ಡಿಎಪಿ ಹಾಕಿದ ಹೊಲದಲ್ಲಿ ರಂಜಕ ಈಗಾಗಲೇ ಸಾಕಷ್ಟಿರಬಹುದು. ಹಾಗಿದ್ದರೆ ಹಾಕಿದ್ದು ಹಣವನ್ನು ಕೆರೆಗೆ ಚೆಲ್ಲಿದಂತೆ. ಗೊಬ್ಬರವನ್ನು ಮೇಲೆ ಎರಚುವ ಬದಲು ಬೀಜದ ಪಕ್ಕ ಮಣ್ಣಿನೊಳಗೆ ಬೀಳುವಂತೆ ಹಾಕಿ. ಜೋರು ಮಳೆಯ ಸೂಚನೆ ಇದ್ದ ದಿನ ಹಾಕಲೇಬೇಡಿ. ಯೂರಿಯಾವನ್ನು ಒಂದೇ ಸಲ ಹಾಕದೆ ಕಂತುಗಳಲ್ಲಿ ಕೊಡಿ. ಗದ್ದೆಗೆ ಗೊಬ್ಬರ ಅಥವಾ ಕಳೆನಾಶಕ ಹಾಕಿದ ಮೇಲೆ ಕೆಲವು ದಿನ ಬದುವಿನ ಬಾಯಿ ಮುಚ್ಚಿ ನೀರು ಹೊರಹೋಗದಂತೆ ನೋಡಿಕೊಳ್ಳಿ. ಹೊಲಕ್ಕೂ ಹಳ್ಳಕ್ಕೂ ನಡುವೆ ಹುಲ್ಲಿನ ಪಟ್ಟಿ ಉಳಿಸಿ. ಕೊಚ್ಚಿಹೋಗುವ ಮಣ್ಣನ್ನು ಅದು ಹಿಡಿಯುತ್ತದೆ. ಸಿಂಪಡಿಸುವ ಯಂತ್ರವನ್ನೂ ಔಷಧಿಯ ಡಬ್ಬಿಗಳನ್ನೂ ಕೆರೆಯಲ್ಲಿ ತೊಳೆಯಬೇಡಿ.

ಭತ್ತ ಬೆಳೆಯುವವರು ನೀಲಿ-ಹಸಿರು ಪಾಚಿಯ ಜೈವಿಕ ಗೊಬ್ಬರದ ಬಗ್ಗೆ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಬಹುದು. ನಾಟಿಯಾದ ಒಂದು ವಾರದ ಬಳಿಕ ಹೆಕ್ಟೇರಿಗೆ 10 ಕಿಲೋ ಹಾಕುವುದು ವಾಡಿಕೆಯ ಶಿಫಾರಸು. ಅದರ ಪೂರ್ತಿ ಲಾಭ ಬೇಕಿದ್ದರೆ ಯೂರಿಯಾ ಕಡಿಮೆ ಮಾಡಬೇಕು ಎಂಬುದು ನಿಮಗೀಗ ಗೊತ್ತಿದೆ.

ಇನ್ನು ಹಿರಿಯರು ಮಾಡುತ್ತಿದ್ದ ಒಂದು ಕೆಲಸವನ್ನು ನೆನೆಯಬೇಕು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿ ಕಟ್ಟಿಕೊಂಡು ಹೋಗಿ ಕೆರೆಗೋಡು ತುಂಬಿ ತಂದು ಹೊಲಕ್ಕೆ ಹರಡುತ್ತಿದ್ದರು. ಹೊಲದಿಂದ ಕೊಚ್ಚಿಹೋದ ಸಾರ ಹೊಲಕ್ಕೇ ಮರಳುತ್ತಿತ್ತು, ಕೆರೆಯೂ ಆಳವಾಗಿ ಉಳಿಯುತ್ತಿತ್ತು. ರಂಜಕದ ಹೆಸರು ಗೊತ್ತಿಲ್ಲದೆಯೇ ಅದರ ಲೆಕ್ಕವನ್ನು ಅವರು ಸರಿಯಾಗಿ ಇಟ್ಟಿದ್ದರು. ಚರಂಡಿಯ, ಕಾರ್ಖಾನೆಯ ನೀರು ಸೇರದ ಹಳ್ಳಿ ಕೆರೆಗಳಲ್ಲಿ ಈ ಪದ್ಧತಿಗೆ ಮತ್ತೆ ಜೀವ ಕೊಡುವುದರಿಂದ ಗೊಬ್ಬರದ ಖರ್ಚೂ ಉಳಿಯುತ್ತದೆ.

ಕೆಲವು ಸಂದೇಹಗಳು

ಪ್ರಶ್ನೆ: ನಮ್ಮ ಮನೆಯಲ್ಲಿ ಆರ್.ಓ. ಯಂತ್ರವಿದೆ. ಸಾಕಲ್ಲವೇ?
ಉತ್ತರ: ಸುಸ್ಥಿತಿಯಲ್ಲಿರುವ ಆರ್.ಓ. ಪರದೆ ಈ ವಿಷದ ಬಹುಭಾಗವನ್ನು ತಡೆಯುತ್ತದೆ. ಸಕ್ರಿಯ ಇದ್ದಿಲು ಕೂಡ ಹೀರಿಕೊಳ್ಳುತ್ತದೆ. ಆದರೆ ಹಳತಾದ ಪರದೆ, ಮುಗಿದ ಇದ್ದಿಲನ್ನು ನಂಬುವಂತಿಲ್ಲ. ಮನೆಯ ಯಂತ್ರ ಇದೆಯೆಂದು ಹಸಿರು ಕೆನೆಯ ನೀರನ್ನೇ ತಂದು ಸುರಿಯುವುದು ತಪ್ಪು.

ಪ್ರಶ್ನೆ: ಪಟ್ಟಣದ ನಲ್ಲಿ ನೀರಿಗೆ ಕ್ಲೋರಿನ್ ಹಾಕುತ್ತಾರಲ್ಲ?
ಉತ್ತರ: ಪಾಚಿಯನ್ನು ಮೊದಲು ಕೋಶ ಒಡೆಯದಂತೆ ತಳಕ್ಕಿಳಿಸಿ, ಸೋಸಿ, ಅನಂತರ ತಕ್ಕ ಪ್ರಮಾಣದಲ್ಲಿ ತಕ್ಕಷ್ಟು ಹೊತ್ತು ಕ್ಲೋರಿನ್ ಕೊಟ್ಟರೆ ಮೈಕ್ರೋಸಿಸ್ಟಿನ್ ನಾಶವಾಗುತ್ತದೆ. ಪಾಚಿ ಇರುವಾಗಲೇ ಕ್ಲೋರಿನ್ ಹಾಕಿದರೆ ಪಾಮ್ ಐಲೆಂಡಿನ ಮೈಲುತುತ್ತದ ಕಥೆಯೇ ಆದೀತು. ಇದು ಘಟಕ ನಡೆಸುವವರು ಗಮನಿಸಬೇಕಾದ ವಿಷಯ.

ಪ್ರಶ್ನೆ: ಸ್ಪಿರುಲಿನಾ ಮಾತ್ರೆಯೂ ನೀಲಿ-ಹಸಿರು ಪಾಚಿಯೇ ಅಂತೆ. ಅದು ವಿಷವೇ?
ಉತ್ತರ: ಬಳಗ ಅದೇ, ಜಾತಿ ಬೇರೆ. ಸ್ಪಿರುಲಿನಾವನ್ನು ಪ್ರತ್ಯೇಕ ತೊಟ್ಟಿಗಳಲ್ಲಿ ಬೆಳೆಸುತ್ತಾರೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲೂ ಇದರ ಬಗ್ಗೆ ಸಂಶೋಧನೆ ನಡೆದಿದೆ. ಅಣಬೆಗಳಲ್ಲಿ ತಿನ್ನುವುದೂ ಇದೆ, ಕೊಲ್ಲುವುದೂ ಇದೆ, ಹಾಗೆಯೇ ಇದು. ಕೆರೆಯ ಪಾಚಿಯನ್ನು ಸ್ಪಿರುಲಿನಾ ಎಂದು ತಿಳಿದು ಯಾರೂ ಬಾಯಿಗೆ ಹಾಕಬಾರದು.

ಪ್ರಶ್ನೆ: ಮನೆಯ ಮೇಲಿನ ನೀರಿನ ತೊಟ್ಟಿಯಲ್ಲೂ ಹಸಿರು ಕಟ್ಟುತ್ತದೆ. ಏನು ಮಾಡಲಿ?
ಉತ್ತರ: ಬೆಳಕಿಲ್ಲದೆ ಯಾವ ಪಾಚಿಯೂ ಬೆಳೆಯದು. ತೊಟ್ಟಿಗೆ ಸಂದಿಯಿಲ್ಲದ ಮುಚ್ಚಳ ಹಾಕಿಸಿ. ನೀರು ಖಾಲಿ ಮಾಡಿ, ಗೋಡೆಯನ್ನು ಉಜ್ಜಿ ತೊಳೆದು, ತೊಳೆದ ನೀರನ್ನು ಹೊರಗೆ ಬಿಡಿ.

ಕೆರೆಯ ನೀರು ಮೇಲಿನ ಹೊಲಗಳಲ್ಲಿ ಏನು ನಡೆಯಿತೆಂಬುದರ ಲೆಕ್ಕ ಒಪ್ಪಿಸುತ್ತದೆ. ಈ ಸಲ ಹಸಿರು ಕೆನೆ ಕಂಡರೆ ಮೊದಲು ಮಕ್ಕಳನ್ನೂ ದನಗಳನ್ನೂ ದಡದಿಂದ ಈಚೆಗೆ ಕರೆಯಿರಿ. ಆಮೇಲೆ ಏರಿಯ ಮೇಲೆ ನಿಂತು, ಆ ನೀರು ಹರಿದು ಬಂದ ದಿಕ್ಕಿಗೆ ಒಮ್ಮೆ ಕಣ್ಣು ಹಾಯಿಸಿ. ಮುಂದಿನ ವರ್ಷದ ಚಿಕಿತ್ಸೆ ಶುರುವಾಗಬೇಕಾದದ್ದು ಅಲ್ಲಿಂದ.